ಮೈಸೂರು ರೇಸಿಗೆ ಒಂದ್ಸಲ ಹೋಗಿ ಬಂದೆ, ಈಗ ತಲೆ ತುಂಬ ಕುದುರೆನೇ ಓಡ್ತಾ ಉಂಟು

ಕಕ್ಕಡ ಮಳೆ
ಎಲ್ರಿಗೂ ನಮಸ್ಕಾರ. ನಾನು ಕೊಡಗಿನ ಅಮ್ಮತ್ತಿ ಕಡೆಯವ, ಸಣ್ಣ ಕಾಫಿ ತೋಟ. ಹೋದ ವಾರ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೋಟರಿಗೆ ಬೇರಿಂಗ್ ತರ್ಲಿಕ್ಕೆ ಅಂತ ಮೈಸೂರಿಗೆ ಹೋಗಿದ್ದೆ, ಅಲ್ಲಿ ಕಾಲೇಜ್ ಫ್ರೆಂಡ್ ಒಬ್ಬ ಸಿಕ್ಕಿ ಬಾ ಒಂದು ಗಂಟೆ ಅಂತ ರೇಸ್ ಕೋರ್ಸಿಗೆ ಎಳ್ಕೊಂಡು ಹೋದ. ನಾನು ಜೀವಮಾನದಲ್ಲಿ ಕುದುರೆ ಹತ್ರದಿಂದ ನೋಡಿದ್ದೇ ದಸರಾ ಮೆರವಣಿಗೇಲಿ. ಹಿಂದೆ ಚಾಮುಂಡಿ ಬೆಟ್ಟಕ್ಕೆ ಮೋಡ ಕವ್ಕೊಂಡಿತ್ತು, ಮುಂದೆ ಹಸಿರು ಟ್ರ್ಯಾಕು, ಗೇಟ್ ಓಪನ್ ಆದ ಮೇಲೆ ಕೊನೇ ಇನ್ನೂರು ಮೀಟರಿಗೆ ಬರುವಾಗ ಆ ಗೊರಸಿನ ಸದ್ದು ಉಂಟಲ್ಲ ಅದು ಕಿವಿಗಲ್ಲ ಎದೆಗೇ ಕೇಳ್ತದೆ. ಒಂದೂಕಾಲು ನಿಮಿಷದಲ್ಲಿ ಮುಗೀತು, ನಾನು ಕುರ್ಚಿ ಮೇಲೆ ನಿಂತಿದ್ದೆ, ಯಾವಾಗ ಹತ್ತಿದೆ ಗೊತ್ತಿಲ್ಲ.

ಎರಡನೇ ರೇಸಲ್ಲಿ ಒಂದು ಜಾಕಿ ಹಾಕ್ಕೊಂಡ ಬಟ್ಟೆ ನಾವು ನಡುವಿಗೆ ಕಟ್ಟೋ ಚೇಲೆ ತರ ಕೆಂಪು ಇತ್ತು ಅಂತ ಆ ಕುದುರೆ ಮೇಲೆ ನೂರು ರೂಪಾಯಿ ಹಾಕಿದೆ. ಗೆದ್ದೇಬಿಡ್ತು. ಹತ್ತು ರೂಪಾಯಿಗೆ 58 ಡಿವಿಡೆಂಡ್. 580 ಕೈಗೆ ಬಂತು! ಆಮೇಲೆ ಎರಡು ಸೋತೆ ಅದು ಬೇರೆ ಮಾತು. ಮತ್ತೆ ಹೋಗ್ಬೇಕು ಅಂತ ಆಸೆ. ರೇಸ್ ಬುಕ್ ತಂದಿದೀನಿ, ರಾತ್ರಿ ಕೂತು ನೋಡಿದ್ರೆ ತಲೆಬುಡ ಅರ್ಥ ಆಗ್ಲಿಲ್ಲ. ಇದನ್ನ ಓದೋದು ಹೇಗೆ? ಗೊತ್ತಿದ್ದೋರು ಹೇಳ್ಕೊಡಿ.

ಮೂರ್ನಾಡು ಮಿರ್ಚಿ
ಬೇರಿಂಗ್ ತಂದ್ಯಾ?

ಕಕ್ಕಡ ಮಳೆ
ಇಲ್ಲ ಅಣ್ಣ, ಅಷ್ಟೊತ್ತಿಗೆ ಅಂಗಡಿ ಬಂದ್ ಆಗಿತ್ತು 😅

ಹಳೇ ಪಂಟರ್
ತಮ್ಮಾ, ಮೊದಲ ದಿನವೇ ಗೆದ್ದಿದ್ಯಲ್ಲ, ಅದೇ ಗ್ರಹಚಾರ. ನಾನು ಮೂಲ ವಿರಾಜಪೇಟೆ, ಕೆಲಸದ ಮೇಲೆ ಮೈಸೂರು ಸೇರಿ ಮೂವತ್ತೈದು ವರ್ಷ, ರೇಸ್ ನೋಡೋದು ಅಷ್ಟೇ ವರ್ಷದಿಂದ. ಕೇಳಿದ್ಯಾ ಅಂತ ಹೇಳ್ತೀನಿ.

ಮೊದಲು ಆ ಕೆಂಪು ಬಟ್ಟೆ. ಅದು ಕುದುರೆದೂ ಅಲ್ಲ ಜಾಕಿದೂ ಅಲ್ಲ, ಮಾಲೀಕರ ಬಣ್ಣ. ಅದೇ ಮಾಲೀಕರ ಇನ್ನೊಂದು ಬಡಕಲು ಕುದುರೆ ನಾಳೆ ಅದೇ ಕೆಂಪಲ್ಲಿ ಬಂದು ಕೊನೇಲಿ ನಿಲ್ತದೆ. ಬುಕ್ಕಲ್ಲಿ ಕುದುರೆ ಹೆಸರಿನ ಪಕ್ಕ ಇರೋ ಸಂಖ್ಯೆ ನೋಡು, 60, 57.5, 51 ಹೀಗೆ. ಅದು ಹೊರೋ ತೂಕ, ಜಾಕಿ ಜೀನು ಎಲ್ಲ ಸೇರಿ. ಚೆನ್ನಾಗಿ ಓಡೋ ಕುದುರೆಗೆ ರೇಟಿಂಗ್ ಜಾಸ್ತಿ, ರೇಟಿಂಗ್ ಒಂದು ಪಾಯಿಂಟಿಗೆ ಅರ್ಧ ಕೆಜಿ ಲೆಕ್ಕದಲ್ಲಿ ತೂಕನೂ ಜಾಸ್ತಿ. ಹ್ಯಾಂಡಿಕ್ಯಾಪ್ ಅನ್ನೋದು ಇದಕ್ಕೇ. ಎಲ್ಲ ಕುದುರೆನೂ ಒಟ್ಟಿಗೆ ಗುರಿ ಮುಟ್ಲಿ ಅಂತ ತೂಕ ಹಂಚೋನ ಆಸೆ, ಅವನು ಎಲ್ಲಿ ತಪ್ಪಿದಾನೆ ಅಂತ ಹುಡುಕೋದು ನಮ್ಮ ಕೆಲಸ. ಹೊಸ ಕಲಿಯೋ ಜಾಕಿಗಳಿಗೆ ತೂಕದಲ್ಲಿ ರಿಯಾಯ್ತಿ ಉಂಟು, ಅದನ್ನೂ ನೋಡು.

ಆಮೇಲೆ ದೂರ. 1100, 1200ಕ್ಕೆ ಬಾಣದ ಹಾಗೆ ಹೋಗೋದು 1600ಕ್ಕೆ ಉಸಿರು ಕಟ್ತದೆ. ಡರ್ಬಿ ಅಂದ್ರೆ ಸೀಸನ್ನಿನ ದೊಡ್ಡ ರೇಸು, ದೂರ ಇನ್ನೂ ಜಾಸ್ತಿ, ಅಲ್ಲಿ ಬೇರೇನೇ ಜಾತಿ ಬೇಕು. ಮೈಸೂರಲ್ಲಿ ಆಗಸ್ಟ್ ಸೆಪ್ಟೆಂಬರ್ ಅಂದ್ರೆ ಮಳೆ, ನೆಲ ಎಷ್ಟು ಮೆತ್ತಗಿದೆ ಅಂತ ಪೆನೆಟ್ರೋಮೀಟರ್ ಚುಚ್ಚಿ ಅಳೆದು ಹಾಕ್ತಾರೆ. ಒಣ ನೆಲದ ಕಿಂಗು ಒದ್ದೆ ನೆಲದಲ್ಲಿ ಎಮ್ಮೆ.

ಕಕ್ಕಡ ಮಳೆ
ಅಬ್ಬಾ, ಇದು ಪಿಎಚ್‌ಡಿ ತರ ಉಂಟಲ್ಲ ಅಂಕಲ್! ಒದ್ದೆ ನೆಲದ್ದು ಅರ್ಥ ಆಯ್ತು, ನಮ್ಮಲ್ಲಿ ಕೆಸರುಗದ್ದೆ ಓಟದಲ್ಲಿ ಊರಿಗೇ ಫಾಸ್ಟ್ ಅನ್ನಿಸ್ಕೊಂಡೋನು ಮೊದಲ ಹೆಜ್ಜೆಗೇ ಮಲಗ್ತಾನೆ, ದನ ಕಾಯೋ ಹುಡುಗ ಗೆದ್ದು ಹೋಗ್ತಾನೆ. ಪ್ಲೇಸ್, ಎಸ್‌ಎಚ್‌ಪಿ, ಕ್ವಿನೆಲ್ಲಾ ಇವೆಲ್ಲ ಎಂತ?

ಸೋಮವಾರಪೇಟೆ ಎಕ್ಸ್‌ಪ್ರೆಸ್
ವಿನ್ ಅಂದ್ರೆ ಫಸ್ಟ್ ಬರ್ಬೇಕು, ಪ್ಲೇಸ್ ಅಂದ್ರೆ ಸೆಕೆಂಡ್ ಬರ್ಬೇಕು

ಹಳೇ ಪಂಟರ್
ತಪ್ಪು. ಪ್ಲೇಸ್ ಅಂದ್ರೆ ಮೊದಲ ಮೂರರಲ್ಲಿ ಯಾವುದಾದ್ರೂ ಸರಿ, ಕುದುರೆ ಕಮ್ಮಿ ಇದ್ರೆ ಮೊದಲ ಎರಡು. ಸೆಕೆಂಡೇ ಬರ್ಬೇಕು ಅನ್ನೋದು ಎಸ್‌ಎಚ್‌ಪಿ. ಕ್ವಿನೆಲ್ಲಾಗೆ ಮೊದಲ ಎರಡು ಕುದುರೆ, ಹಿಂದೆಮುಂದೆ ಆದ್ರೂ ನಡೀತದೆ, ಫೋರ್‌ಕಾಸ್ಟ್ ಅಂದ್ರೆ ಅದೇ ಎರಡು ಆದ್ರೆ ಕ್ರಮ ತಪ್ಪಬಾರ್ದು. ಜಾಕ್‌ಪಾಟ್ ಅಂದ್ರೆ ಐದು ರೇಸಿನ ಐದೂ ಗೆದ್ದ ಕುದುರೆ. ನೀನು ಪ್ಲೇಸಲ್ಲೇ ಇರು ತಮ್ಮಾ, ಐವತ್ತು ರೂಪಾಯಿ ಮೀರ್ಬೇಡ.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಸಾರಿ ಸಾರ್ 🙏 ನಾನು ಹೋಗಿದ್ದೇ ಒಂದ್ಸಲ, ಅದೂ ಫ್ರೆಂಡ್ ಮದುವೆ ದಿನ, ಊಟಕ್ಕೆ ಟೈಮಿತ್ತು ಅಂತ

ಮೂರ್ನಾಡು ಮಿರ್ಚಿ
ಜಿಲ್ಲೆಗೆ ರೈಲೇ ಇಲ್ಲ, ಇವನು ಎಕ್ಸ್‌ಪ್ರೆಸ್. ಇವನ ಮಾತು ನಂಬಿ ದುಡ್ಡು ಹಾಕ್ಬೇಕಂತೆ.

ಗೊಬ್ಬರ ಅಂಗಡಿ
ಕಾಫಿ ಬೆಳೆಯೋನಿಗೆ ಬೇರೆ ಜೂಜು ಯಾಕೆ ಬೇಕು ಹೇಳಿ? ಮಾರ್ಚಲ್ಲಿ ಹೂಮಳೆ ಬರುತ್ತಾ ಇಲ್ವಾ ಅಂತ ಆಕಾಶ ನೋಡೋದೇ ಒಂದು ರೇಸು. ಬಂತು ಅಂದ್ಕೊಳ್ಳಿ, ಆ ಹೂ ಕಾಯಿ ಕಟ್ಲಿಕ್ಕೆ ಇನ್ನೊಂದು, ಬ್ಯಾಕಿಂಗ್ ಮಳೆ ಬೇಕು. ಅದೂ ಬಂತು, ಕಾಯಿ ನಿಂತ್ತು, ಕಕ್ಕಡ ತಿಂಗಳ ಜಡಿಮಳೆಗೆ ಕೊಳೆ ರೋಗ. ಉಳಿದದ್ದು ಹಣ್ಣಾಯ್ತು, ಕುಯ್ಯೋ ದಿನ ಮಳೆ. ಕುಯ್ದು ಒಣಗ್ಸಿ ಮೂಟೆ ಕಟ್ಟಿದ ದಿನ ಲಂಡನ್‌ನಲ್ಲಿ ರೇಟ್ ಬಿತ್ತು. ನಾವೆಲ್ಲ ಹುಟ್ಟಾ ಪಂಟರ್‌ಗಳೇ, ಬಾಜಿ ಕಟ್ಟೋರೇ.

ಪತ್ತಾಕ್
@ಗೊಬ್ಬರ ಅಂಗಡಿ ಕಾಫಿ ರೇಟ್ ಬಿದ್ರೆ ಗಿಡ ಇರ್ತದಲ್ಲ ಅಣ್ಣ. ಮುಂದಿನ ವರ್ಷ ಮತ್ತೆ ಹೂ ಬಿಡ್ತದೆ. ಸೋತ ಟಿಕೆಟ್ ಯಾವ ವರ್ಷ ಹೂ ಬಿಟ್ಟಿದೆ ಹೇಳಿ.

ನನ್ನ ಹೆಸರು ಯಾಕೆ ಪತ್ತಾಕ್ ಅಂತ ಇಲ್ಲಿ ಕೆಲವರು ಕೇಳಿದ್ರು ಮೊದಲು, ಇವತ್ತು ಹೇಳ್ತೀನಿ. ನಮ್ಮಪ್ಪ ಶುಕ್ರವಾರ ಸಂಜೆ ಬೆಂಗಳೂರು ಬಸ್ ಹತ್ತೋರು, ಬ್ಯಾಂಕ್ ಕೆಲಸ ಅಂತ. ಭಾನುವಾರ ರಾತ್ರಿ ಬರುವಾಗ ಕೈಲಿ ಸ್ವೀಟ್ ಡಬ್ಬ ಇದ್ರೆ ಗೆದ್ದಿದಾರೆ, ಇಲ್ಲದಿದ್ರೆ ನಾವು ಮೂರು ಜನ ಮಕ್ಕಳು ಊಟ ಮಾಡದೇ ಮಲಗಿಬಿಡ್ತಿದ್ವಿ, ಯಾಕಂದ್ರೆ ಊಟದ ಹೊತ್ತಿಗೇ ಜಗಳ ಶುರು ಆಗ್ತಿತ್ತು. ಮೊದಲು ಹೋಗಿದ್ದು ಹೊಳೆ ಪಕ್ಕದ ಗದ್ದೆ. ಆಮೇಲೆ ಅಮ್ಮನ ಚಿನ್ನದ ಮಣಿ ಸರ, ಜೋಮಾಲೆ. ಕೊನೆಗೆ ಪತ್ತಾಕ್, ನಮ್ಮ ಕಡೆಯ ಪದಕದ ಸರ, ಅದು ಅಜ್ಜಿ ಕೊಟ್ಟದ್ದು. ನನ್ನ ಮದುವೆಗೆ ಅಮ್ಮ ಹಾಕ್ಕೊಂಡಿದ್ದು ಚಿಕ್ಕಮ್ಮನ ಹತ್ರ ಸಾಲ ತಂದ ಪತ್ತಾಕ್, ಫೋಟೋದಲ್ಲಿ ಗೊತ್ತಾಗಲ್ಲ.

ಅಪ್ಪ ಕೆಟ್ಟೋರಲ್ಲ. ಕುದುರೆ ಹೆಸರುಗಳನ್ನ ಕಥೆ ತರ ಹೇಳ್ತಿದ್ರು ನಮಗೆ. 23 ಸಲ ಓಡಿ 22 ಸಲ ಗೆದ್ದ ಎಲೂಸಿವ್ ಪಿಂಪರ್ನೆಲ್ ಅನ್ನೋ ಕುದುರೆ ಹೆಸರು ನನಗೆ ಒಂದನೇ ಕ್ಲಾಸಿನಿಂದ ಗೊತ್ತು. ಆ ಒಂದು ಸಲ ಸೋತದ್ದರ ಬಗ್ಗೆ ಅಪ್ಪ ಮಾತಾಡ್ತಿದ್ದದ್ದು ಹೆಚ್ಚು.

ಹಳೇ ಪಂಟರ್
ಅಕ್ಕಾ, ಏನು ಹೇಳ್ಲಿ. ನನ್ನ ಜೊತೆ ಶುರು ಮಾಡಿದ ಆರು ಜನರಲ್ಲಿ ಈಗ ನಾನೊಬ್ಬನೇ ಹೋಗೋದು. ಉಳಿದೋರೆಲ್ಲ ಬುದ್ಧಿ ಬಂದು ಬಿಟ್ಟೋರಲ್ಲ.

ಸಂಪಾಜೆ ತಾಳಮದ್ದಳೆ
ಮಾರಾಯ್ರೆ, ಕುದುರೆ ಮತ್ತೆ ಜೂಜು ಒಟ್ಟಿಗೆ ಬಂದ್ರೆ ನಳನ ಕತೆ ಬಿಟ್ರೆ ಹೇಗೆ. ನಳ ಅಶ್ವಹೃದಯ ಬಲ್ಲವ, ಕುದುರೆ ಮನಸ್ಸು ಗೊತ್ತಿದ್ದೋನು, ಅಂಥವನೇ ದಾಳದಲ್ಲಿ ರಾಜ್ಯ ಕಳ್ಕೊಂಡ. ಆಮೇಲೆ ಋತುಪರ್ಣನ ಸಾರಥಿ ಆಗಿ ರಥ ಹೊಡೀತಾ ಇರುವಾಗ ಆ ರಾಜ ದಾರೀಲಿ ಒಂದು ತಾರೆ ಮರ ನೋಡಿ ಇದರಲ್ಲಿ ಇಷ್ಟು ಎಲೆ ಇಷ್ಟು ಕಾಯಿ ಅಂತ ಕೂತಲ್ಲೇ ಹೇಳಿದ. ನಳ ನಂಬ್ಲಿಲ್ಲ, ರಥ ನಿಲ್ಸಿ ಎಣಿಸಿದ. ಸರಿಯಾಗಿತ್ತು. ಅವಂಗೆ ಕುದುರೆ ವಿದ್ಯೆ ಕೊಟ್ಟು ಇವ ದಾಳದ ವಿದ್ಯೆ ತಗೊಂಡ, ಆಗಲೇ ಕಲಿ ಮೈಯಿಂದ ಇಳಿದು ಹೋದ್ದು. ಅಂದ್ರೆ ಕುದುರೆ ಗೊತ್ತಿರೋದು ಒಂದು ವಿದ್ಯೆ, ಲೆಕ್ಕ ಗೊತ್ತಿರೋದು ಇನ್ನೊಂದು. ನಮ್ಮ ಹುಡುಗ ಒಂದನ್ನೂ ಕಲೀದೆ ರಥ ಏರಿದ್ದಾನೆ.

ಗೊಬ್ಬರ ಅಂಗಡಿ
ಋತುಪರ್ಣ ನಮ್ಮ ಕಡೆ ಹುಟ್ಟಿದ್ರೆ ಮೆಣಸು ವ್ಯಾಪಾರಿ ಆಗ್ತಿದ್ದ. ಸಿಲ್ವರ್ ಓಕ್ ಬುಡದಲ್ಲಿ ನಿಂತು ಮೇಲೆ ನೋಡಿ ಬಳ್ಳೀಲಿ ಇಷ್ಟು ಕೆಜಿ ಅಂತ ಹೇಳಿ ತೋಟನೇ ಗುತ್ತಿಗೆ ಹಿಡೀತಾರಲ್ಲ. ನಾವು ಕುಯ್ದು ತೂಗಿದ್ರೆ ಅವರು ಹೇಳಿದ್ದಕ್ಕಿಂತ ಜಾಸ್ತಿನೇ ಇರ್ತದೆ ಯಾವಾಗ್ಲೂ, ಅಷ್ಟೇ ವ್ಯತ್ಯಾಸ.

ಸೋಮವಾರಪೇಟೆ ಎಕ್ಸ್‌ಪ್ರೆಸ್
😂😂 ಈಗ ಮೆಣಸು ಎಷ್ಟು ಉಂಟು ಅಣ್ಣ ಗೋಣಿಕೊಪ್ಪದಲ್ಲಿ?

ಉಸ್ತುವಾರಿ
ಮೆಣಸಿನ ರೇಟಿಗೆ ಬೇರೆ ಎಳೆ ಇದೆ, ಅಲ್ಲಿ ಕೇಳಿ.

ಕಕ್ಕಡ ಮಳೆ
ಎಲ್ರಿಗೂ ಥ್ಯಾಂಕ್ಸ್, ಪತ್ತಾಕ್ ಅಕ್ಕ ನಿಮ್ಮ ಮಾತು ಓದಿ ಒಂದು ಹೊತ್ತು ಸುಮ್ಮನೆ ಕೂತೆ. ಆದ್ರೆ ನಾನು ಆ ಲೆವೆಲ್ಲಿಗೆ ಹೋಗೋನಲ್ಲ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಇನ್ನೆರಡು ಸಲ ಹೋಗ್ಬಂದೆ. ಈ ಸಲ ಪಕ್ಕಾ ಸ್ಟಡಿ ಮಾಡ್ಕೊಂಡು. ರೇಸಿಗೆ ಮೊದಲು ಕುದುರೆ ನಡೆಸೋ ಪ್ಯಾಡಕ್ ಹತ್ರ ನಿಂತು ನೋಡಿದ್ರೆ ಎಷ್ಟು ಗೊತ್ತಾಗ್ತದೆ! ಒಂದು ಕಂದು ಹೆಣ್ಣು ಕುದುರೆ ಬೆವರಿ ಬಾಯಲ್ಲಿ ನೊರೆ, ಕಿವಿ ಹಿಂದಕ್ಕೆ, ಕುದುರೆ ನೋಡ್ಕೊಳ್ಳೋ ಆಳು ಎಳೆದ್ರೂ ಬರ್ತಿಲ್ಲ. ಇದು ಓಡಲ್ಲ ಅಂದ್ಕೊಂಡೆ, ಓಡ್ಲಿಲ್ಲ. ಇನ್ನೊಂದು ತಲೆ ತಗ್ಗಿಸಿ ತೂಕಡಿಸ್ಕೊಂಡು ನಡೀತಿತ್ತು, ಅದೇ ಗೆದ್ದದ್ದು, ಅರ್ಧ ಕುದುರೆ ಉದ್ದದಲ್ಲಿ. ನನ್ನ ಹತ್ರ ಅದರ ಪ್ಲೇಸ್ ಟಿಕೆಟ್ ಇತ್ತು 😎 ಡೈರಿ ಕೂಡ ಇಟ್ಟಿದೀನಿ, ತೂಕ ದೂರ ನೆಲ ಜಾಕಿ ಎಲ್ಲ ಬರ್ದು. ಈಗ ಜಾಕ್‌ಪಾಟ್ ಟ್ರೈ ಮಾಡ್ಬೇಕು ಅಂತ ಉಂಟು, ಒಂದೊಂದು ರೇಸಿಗೂ ಮೂರು ಮೂರು ಕುದುರೆ ಹಿಡಿದ್ರೆ ಬಂದೇ ಬರ್ತದೆ ಅಲ್ವಾ?

ಮೂರ್ನಾಡು ಮಿರ್ಚಿ
ಬೇರಿಂಗು?

ಲೆಕ್ಕದ ಮೇಷ್ಟ್ರು
ಐದು ರೇಸು, ಒಂದೊಂದಕ್ಕೆ ಮೂರು ಕುದುರೆ. ಮೂರನ್ನ ಐದು ಸಲ ಗುಣಿಸು, 243 ಟಿಕೆಟ್. ಟಿಕೆಟಿಗೆ ಬರೀ ಹತ್ತು ರೂಪಾಯಿ ಅಂತ ಇಟ್ಕೊಂಡ್ರೂ 2,430. ಎರಡೆರಡು ಹಿಡಿದ್ರೆ 32. ಇನ್ನೊಂದು ಕಡೆಯಿಂದ ನೋಡು. ಫೇವರಿಟ್, ಅಂದ್ರೆ ಜನ ಹೆಚ್ಚು ದುಡ್ಡು ಹಾಕಿದ ಕುದುರೆ, ಗೆಲ್ಲೋದು ಸುಮಾರಾಗಿ ಮೂರು ರೇಸಲ್ಲಿ ಒಂದು, ಇದು ಎಲ್ಲಾ ದೇಶದಲ್ಲೂ ಹೆಚ್ಚುಕಮ್ಮಿ ಹಾಗೇ. ಐದಕ್ಕೆ ಐದೂ ಫೇವರಿಟ್ ಬರೋ ಸಾಧ್ಯತೆ ಮತ್ತದೇ 243ಕ್ಕೆ ಒಂದು. ಬಂದ್ರೂ ಆ ದಿನ ಮೈದಾನದಲ್ಲಿ ಇದ್ದೋರೆಲ್ಲ ಅದನ್ನೇ ಹಿಡಿದಿರ್ತಾರೆ, ಟೋಟ್‌ನಲ್ಲಿ, ಅಂದ್ರೆ ಕೌಂಟರಿನ ಟಿಕೆಟ್ ಆಟದಲ್ಲಿ, ಎಲ್ರ ದುಡ್ಡು ಒಟ್ಟಾಕಿ ಗೆದ್ದೋರಿಗೆ ಹಂಚೋದು ತಾನೇ, ನಿನ್ನ ಪಾಲಿಗೆ ಚಹಾ ಖರ್ಚು.

ಬುಕ್ಕಿ ಕಡೆ ಬಾ. ನಾಲ್ಕು ಕುದುರೆ ಓಡ್ತಾವೆ, ನಾಲ್ಕಕ್ಕೂ ಟೂ ಟು ಒನ್ ಕೊಟ್ಟಿದಾನೆ ಅಂತ ಇಟ್ಕೋ, ಅಂದ್ರೆ ಗೆದ್ರೆ ನೂರಕ್ಕೆ ಇನ್ನೂರು, ಹಾಕಿದ ನೂರೂ ವಾಪಸ್. ನೀನು ನಾಲ್ಕಕ್ಕೂ ನೂರು ನೂರು ಹಾಕು, 400 ಹೋಯ್ತು. ಯಾವ್ದಾದ್ರೂ ಒಂದು ಗೆಲ್ಲಲೇಬೇಕಲ್ಲ, ಗೆದ್ದಾಗ 300 ವಾಪಸ್. ಕುದುರೆ ಯಾವುದೇ ಬರ್ಲಿ, ಆ ನೂರು ಅವನದ್ದೇ. ನಿಜವಾದ ಬೋರ್ಡಲ್ಲಿ ಇಷ್ಟು ಢಾಳಾಗಿ ಕಾಣಲ್ಲ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಮುಚ್ಚಿಟ್ಟಿರ್ತಾರೆ.

ಇನ್ನು ಟ್ಯಾಕ್ಸ್. 2023ರ ಅಕ್ಟೋಬರಿಂದ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 40. ಗೆದ್ದದ್ದರ ಮೇಲೆ ಅಲ್ಲ, ಹಾಕಿದ್ದರ ಮೇಲೆ. ನೂರು ರೂಪಾಯಿ ಆಟಕ್ಕೆ ನಲವತ್ತು ಸರ್ಕಾರಕ್ಕೆ ಮೊದಲೇ ಇಟ್ಟು ಆಮೇಲೆ ಕುದುರೆ ನೋಡು.

ಹಳೇ ಪಂಟರ್
ಮೇಷ್ಟ್ರು ಹೇಳಿದ್ದು ಪೂರ್ತಿ ನಿಜ. ಇನ್ನೂ ಒಂದು ಉಂಟು, ಹತ್ತು ಸಾವಿರಕ್ಕಿಂತ ಮೇಲೆ ಹೊಡೆದ್ರೆ 30 ಪರ್ಸೆಂಟ್ ಟಿಡಿಎಸ್ ಹಿಡ್ಕೊಂಡೇ ಕೊಡೋದು. ಆ ವರ್ಷ ಇಡೀ ನೀನು ಎಷ್ಟೇ ಸೋತಿರು, ಸೋತದ್ದನ್ನ ಅದರಿಂದ ಕಳೀಲಿಕ್ಕೆ ಬರಲ್ಲ. ನಮ್ಮೂರೋರು ಕಾಫಿ ಚೆರಿ ಮಾರಿ ಅಭ್ಯಾಸ, ಕೃಷಿ ಆದಾಯಕ್ಕೆ ಇನ್ಕಮ್ ಟ್ಯಾಕ್ಸ್ ಇಲ್ಲ, ಅದೇ ಗುಂಗಲ್ಲಿ ಇದಕ್ಕೂ ಇಲ್ಲ ಅಂದ್ಕೋತಾರೆ.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಒಂದು ಡೌಟು, ಜೂಜು ಬ್ಯಾನ್ ಅಲ್ವಾ ಕರ್ನಾಟಕದಲ್ಲಿ? ಸುಳ್ಯ ಕಡೆ ಕೋಳಿ ಅಂಕ ಹಿಡೀತಾರೆ, ಕೋಳಿ ಸಮೇತ ಸ್ಟೇಷನ್ನಿಗೆ ತಗೊಂಡು ಹೋಗ್ತಾರೆ. ರೇಸಿಗೆ ಮಾತ್ರ ಎಂತಕ್ಕೆ ಬಿಡೋದು?

ಲೆಕ್ಕದ ಮೇಷ್ಟ್ರು
1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಲಕ್ಷ್ಮಣನ್ ವರ್ಸಸ್ ತಮಿಳುನಾಡು ಕೇಸು, ಕುದುರೆ ರೇಸು ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಅಂತ. ಕುದುರೆ ತಳಿ, ತರಬೇತಿ, ಜಾಕಿ ಇವೆಲ್ಲ ಅಳೆದು ನೋಡಬಹುದು ಅನ್ನೋದು ವಾದ. ರಮ್ಮಿಗೆ 1968ರಲ್ಲೇ ಹಾಗೆ ಹೇಳಿತ್ತು. ಕೋಳಿಗೆ ಇನ್ನೂ ಯಾರೂ ಲಾಯರ್ ಹಿಡಿದಿಲ್ಲ.

ಸಂಪಾಜೆ ತಾಳಮದ್ದಳೆ
ಕೋಳಿಗೂ ಕೌಶಲ ಉಂಟು ಮೇಷ್ಟ್ರೇ! ಬಣ್ಣ ನೋಡ್ಬೇಕು, ದಿನ ನೋಡ್ಬೇಕು, ಯಾವ ದಿಕ್ಕಿಂದ ಬಿಡ್ಬೇಕು ಅಂತ ನೋಡ್ಬೇಕು, ಅದಕ್ಕೇ ಪಂಚಾಂಗ ಇರೋ ಜನ ನಾವು.

ಪತ್ತಾಕ್
ಕೌಶಲ ಅಂತ ಕೋರ್ಟ್ ಹೇಳಿದ್ದು ಆಟಕ್ಕೆ. ಆಡೋನಿಗೆ ಕೌಶಲ ಉಂಟು ಅಂತ ಹೇಳಿಲ್ಲ.

ಮೂರ್ನಾಡು ಮಿರ್ಚಿ
ಅಕ್ಕ 🔥 ಇದನ್ನ ಗೇಟಿಗೆ ಬೋರ್ಡ್ ಹಾಕ್ಬೇಕು

ದನದ ಡಾಕ್ಟ್ರು
ಎಲ್ರೂ ದುಡ್ಡಿನ ಬಗ್ಗೆ ಮಾತಾಡ್ತಿದೀರಿ, ಕುದುರೆ ಬಗ್ಗೆ ಎರಡು ಮಾತು. ರೇಸಿಗೆ ಓಡೋ ಥರೋಬ್ರೆಡ್ ತಳಿ ಅಂದ್ರೆ ನಾಲ್ಕೂವರೆ ಐದು ಕ್ವಿಂಟಾಲ್ ದೇಹ, ಕಾಲಿನ ಕೆಳಗಡೆ ಮೂಳೆ ನಿಮ್ಮ ಮಣಿಕಟ್ಟಿನಷ್ಟು ದಪ್ಪ, ಅದರ ಸುತ್ತ ಮಾಂಸ ಇಲ್ಲ, ಬರೀ ಸ್ನಾಯುರಜ್ಜು ಮತ್ತೆ ಚರ್ಮ. ಅರವತ್ತು ಕಿಲೋಮೀಟರ್ ಸ್ಪೀಡಲ್ಲಿ ಒಂದೊಂದು ಹೆಜ್ಜೆಗೂ ಇಡೀ ಭಾರ ಒಂದೇ ಕಾಲ ಮೇಲೆ ಬೀಳೋ ಗಳಿಗೆ ಉಂಟು. ಮುರಿದ್ರೆ ಮಲಗ್ಸಿ ಪ್ಲಾಸ್ಟರ್ ಹಾಕ್ಲಿಕ್ಕೆ ದನ ಅಲ್ಲ ಅದು. ಕುದುರೆ ದಿನಗಟ್ಲೆ ಮಲಗಿದ್ರೆ ಅದಕ್ಕೇ ಸಾಯ್ತದೆ, ಮೂರು ಕಾಲಲ್ಲಿ ನಿಂತ್ರೆ ಉಳಿದ ಕಾಲಿನ ಗೊರಸು ಕೆಡ್ತದೆ. ಅದಕ್ಕೇ ಟ್ರ್ಯಾಕಲ್ಲೇ ಪರದೆ ಹಿಡಿದು ಮುಗಿಸ್ತಾರೆ. ನಾನು ಓದುವಾಗ ಒಂದ್ಸಲ ನೋಡಿದ್ದು, ಮತ್ತೆ ಆ ಕಡೆ ಹೋಗಿಲ್ಲ.

ಇನ್ನೊಂದು ತಮಾಷೆ. ರೇಸ್ ಕುದುರೆಗಳಿಗೆಲ್ಲ ನಮ್ಮಲ್ಲಿ ಹುಟ್ಟುಹಬ್ಬ ಜನವರಿ 1. ಏಪ್ರಿಲಲ್ಲಿ ಹುಟ್ಟಿದ ಮರಿಗೂ ಜನವರಿಲಿ ಒಂದು ವರ್ಷ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೀತಿದ್ದ ಜೂನ್ 1 ತರ.

ಕಕ್ಕಡ ಮಳೆ
ಡಾಕ್ಟ್ರೇ ಓಡಿ ಮುಗಿದ ಮೇಲೆ, ವಯಸ್ಸಾದ ಮೇಲೆ ಅವು ಎಲ್ಲಿ ಹೋಗ್ತಾವೆ?

ದನದ ಡಾಕ್ಟ್ರು
ಒಳ್ಳೇ ವಂಶದ್ದು, ಚೆನ್ನಾಗಿ ಗೆದ್ದದ್ದು ಆದ್ರೆ ಸ್ಟಡ್ ಫಾರ್ಮ್. ಕೆಲವು ರೈಡಿಂಗ್ ಸ್ಕೂಲಿಗೆ ಹೋಗ್ತಾವೆ. ಉಳಿದದ್ದರ ಬಗ್ಗೆ ಕೇಳ್ಬೇಡ.

ಹಳೇ ಪಂಟರ್
ಸ್ಟಡ್ ಫಾರ್ಮ್ ಅಂದ್ರೆ ಕುಣಿಗಲ್ ನೋಡ್ಬೇಕು, ಬೆಂಗಳೂರು ಹಾಸನ ರೋಡಲ್ಲೇ ಸಿಗ್ತದೆ. ದೇಶದಲ್ಲೇ ಹಳೇದು, ಹೈದರಾಲಿ ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಬೆಳೆಸ್ಲಿಕ್ಕೆ ಮಾಡಿದ್ದು.

ಸೋಮವಾರಪೇಟೆ ಎಕ್ಸ್‌ಪ್ರೆಸ್
ಆ ಕುದುರೆ ಹತ್ತೇ ಅಲ್ವಾ ಅವರು ನಮ್ಮ ಕೊಡಗಿನ ಮೇಲೆ ದಂಡೆತ್ತಿ ಬಂದದ್ದು

ಉಸ್ತುವಾರಿ
ಈ ದಾರಿ ಬೇಡ. ಇದರ ಕೆಳಗೆ ಬಂದ ಹದಿನಾಲ್ಕು ಕಾಮೆಂಟ್ ತೆಗೆದಿದ್ದೀನಿ. ಕುದುರೆಗೆ ವಾಪಸ್ ಬನ್ನಿ.

ಗೊಬ್ಬರ ಅಂಗಡಿ
ಹದಿನಾಲ್ಕೇ? ನಮ್ಮೋರು ತಣ್ಣಗಾಗಿದಾರೆ.

ಕಕ್ಕಡ ಮಳೆ
ಒಂದು ಸಲಹೆ ಬೇಕಿತ್ತು. ಟೌನಲ್ಲಿ ಒಬ್ರು ಸಿಕ್ಕಿದ್ರು, ಮೈಸೂರಿಗೆ ಹೋಗೋದೇ ಬೇಡ, ಫೋನಲ್ಲೇ ಹೇಳಿ ಸಾಕು, ಜಿಎಸ್‌ಟಿ ಇಲ್ಲ ಟಿಡಿಎಸ್ ಇಲ್ಲ, ವಾರಕ್ಕೊಂದ್ಸಲ ಲೆಕ್ಕ ಚುಕ್ತಾ ಅಂತಾರೆ. ಡೀಸೆಲ್ ಉಳೀತದೆ. ಜೊತೆಗೆ ಟೆಲಿಗ್ರಾಂನಲ್ಲಿ ಒಂದು ಟಿಪ್ಸ್ ಗ್ರೂಪ್, ನಂಗೆ ಫ್ರೀಯಾಗಿ ಕಳಿಸಿದ್ದು ಮೂರಕ್ಕೆ ಮೂರೂ ಹೊಡೀತು!! ನಾಲ್ಕನೇದಕ್ಕೆ ಐದು ಸಾವಿರ ಕೇಳ್ತಿದಾರೆ. ನಂಬರ್ ಕೂಡ ಹಾಕ್ತೀನಿ ಬೇಕಿದ್ರೆ, [ನಂಬರ್ ತೆಗೆಯಲಾಗಿದೆ – ಉಸ್ತುವಾರಿ]

ಹಳೇ ಪಂಟರ್
ಬೇಡ. ಬೇಡ. ಬೇಡ.

ರೇಸ್ ಕೋರ್ಸಿನ ಒಳಗೆ ಲೈಸೆನ್ಸ್ ಇರೋ ಕಡೆ ಆಡೋದು ಬೇರೆ, ಹೊರಗಡೆ ಆಡೋದು ಸೀದಾ ಪೊಲೀಸ್ ಕೇಸು. ಅದಕ್ಕಿಂತ ದೊಡ್ಡದು ಇನ್ನೊಂದು. ಕೌಂಟರಲ್ಲಿ ಜೇಬಿಂದ ನೋಟ್ ತೆಗೀಬೇಕು, ಜೇಬು ಖಾಲಿ ಆದ್ರೆ ಮನೆಗೆ ಬರ್ತೀಯ. ಫೋನಲ್ಲಿ ನೋಟ್ ಕಾಣಲ್ಲ, ಸಾಲದ ಮೇಲೆ ಆಟ. ನಾನು ಹೇಳಿದ ಆರು ಜನರಲ್ಲಿ ಇಬ್ರು ಹೋಗಿದ್ದು ಇದೇ ದಾರೀಲಿ. ವಾರದ ಲೆಕ್ಕ ಚುಕ್ತಾ ಅಂದೋರು ವಾರದ ಕೊನೇಲಿ ಗೇಟ್ ಹತ್ರ ಜೀಪ್ ನಿಲ್ಲಿಸ್ತಾರೆ.

ಲೆಕ್ಕದ ಮೇಷ್ಟ್ರು
ಟಿಪ್ಸ್ ಹೇಗೆ ಮೂರಕ್ಕೆ ಮೂರು ಬಂತು ಅಂತ ಹೇಳ್ತೀನಿ. ಎಂಟು ಕುದುರೆ ಓಡೋ ರೇಸು. ಐದು ಸಾವಿರ ನೂರಿಪ್ಪತ್ತು ಜನಕ್ಕೆ ಮೆಸೇಜು, 640 ಜನಕ್ಕೊಂದು ಕುದುರೆ ಹೆಸರು. ಯಾವ್ದಾದ್ರೂ ಒಂದು ಗೆಲ್ತದೆ, ಆ 640 ಜನಕ್ಕೆ ಮಾತ್ರ ಎರಡನೇ ಟಿಪ್. ಮತ್ತೆ ಎಂಟು ಭಾಗ, 80 ಜನ ಉಳಿದ್ರು. ಮೂರನೇ ರೇಸಿಗೆ ಹತ್ತು ಜನ. ಆ ಹತ್ತು ಜನಕ್ಕೆ ಇವನು ದೇವರು. ನೀನು ಹತ್ತರಲ್ಲಿ ಒಬ್ಬ. ಉಳಿದ 5,110 ಜನ ಎಲ್ಲಿ ಅಂತ ನಿನಗೆ ಕಾಣ್ತಾ ಇಲ್ಲ ಅಷ್ಟೇ.

ಕಕ್ಕಡ ಮಳೆ
...

ಕಕ್ಕಡ ಮಳೆ
ಗ್ರೂಪಿಂದ ಹೊರಗೆ ಬಂದೆ.

ಪತ್ತಾಕ್
ಡೈರಿ ಇಟ್ಟಿದೀನಿ ಅಂದ್ಯಲ್ಲ ತಮ್ಮ, ಅದರಲ್ಲಿ ದುಡ್ಡು ಬರ್ದಿದ್ಯಾ, ಬರೀ ಕುದುರೆನಾ?

ಕಕ್ಕಡ ಮಳೆ
ಕುದುರೆ ಮಾತ್ರ ಅಕ್ಕ. ದುಡ್ಡು ಸುಮಾರು ಸಮ ಸಮ ಇರ್ಬಹುದು ಅಂತ ಅಂದಾಜು.

ಲೆಕ್ಕದ ಮೇಷ್ಟ್ರು
ಅಂದಾಜು ಬೇಡ. ಯುಪಿಐ ತೆಗೆದು ನೋಡು, ಎಟಿಎಂ ನೋಡು. ಡೀಸೆಲ್ ಸೇರ್ಸು. ನಾಳೆ ಸಂಜೆ ಒಳಗೆ ಹಾಕು, ಹೋಮ್‌ವರ್ಕ್ ಅಂದ್ಕೋ.

ಕಕ್ಕಡ ಮಳೆ
ಹಾಕ್ತಿದೀನಿ, ನಗ್ಬೇಡಿ. ಒಟ್ಟು ಆರು ಸಲ ಹೋಗಿದೀನಿ, ಇಲ್ಲಿ ಹೇಳಿದ್ದು ಮೂರು ಮಾತ್ರ. ಟ್ಯಾಕ್ಸ್ ಸೇರಿ ಟಿಕೆಟಿಗೆ ಹಾಕಿದ್ದು 21,400. ವಾಪಸ್ ಬಂದದ್ದು 14,650. ಅಲ್ಲಿಗೆ ಹೋಗಿದ್ದು 6,750. ಇಷ್ಟೇನಾ ಅಂತ ಖುಷಿ ಆಯ್ತು ಒಂದು ನಿಮಿಷ. ಆಮೇಲೆ ಪಿಕಪ್ ಡೀಸೆಲ್ ಸಲಕ್ಕೆ 1,400, ಆರಕ್ಕೆ 8,400. ಊಟ, ಎಂಟ್ರಿ, ಬುಕ್ಕು ಎಲ್ಲ ಸಲಕ್ಕೆ ನಾನೂರು ಹಿಡಿದ್ರೆ 2,400. ಒಟ್ಟು 17,550.

ವಿಚಿತ್ರ ಎಂತ ಅಂದ್ರೆ ಗೆದ್ದ ಒಂದೊಂದು ರೇಸೂ ಕಣ್ಣಿಗೆ ಕಟ್ಟಿದ ಹಾಗೆ ನೆನಪುಂಟು, ಯಾವ ಕುದುರೆ, ಎಲ್ಲಿಂದ ಮುಂದೆ ಬಂತು ಎಲ್ಲ. ಸೋತದ್ದು ಮೊಬೈಲಲ್ಲಿ ನೋಡಿದ್ರೂ ಇದು ಯಾವಾಗ ಕಟ್ಟಿದೆ ಅಂತ ನೆನಪಿಗೆ ಬರ್ತಾ ಇಲ್ಲ.

ಗೊಬ್ಬರ ಅಂಗಡಿ
ಹದಿನೇಳು ಸಾವಿರಕ್ಕೆ ಎಷ್ಟು ಮೂಟೆ ಗೊಬ್ಬರ ಬರ್ತಿತ್ತು ಅಂತ ನಾನು ಹೇಳಲ್ಲ. ನನ್ನ ಅಂಗಡಿ ಬಾಕಿ ಮಾತ್ರ ನೆನಪಿಸ್ತೀನಿ 🙂

ಸೋಮವಾರಪೇಟೆ ಎಕ್ಸ್‌ಪ್ರೆಸ್
ಅಣ್ಣ ಇಷ್ಟಾದ್ರೂ ಡರ್ಬಿಗೆ ಹೋಗ್ತೀರಾ? ಹೋದ್ರೆ ನಾನೂ ಬರ್ತೀನಿ, ಕುಶಾಲನಗರದಲ್ಲಿ ಹತ್ತಿಸ್ಕೊಳ್ಳಿ

ಮೂರ್ನಾಡು ಮಿರ್ಚಿ
ಅಮ್ಮತ್ತಿಯಿಂದ ಮೈಸೂರಿಗೆ ಗೋಣಿಕೊಪ್ಪ ಹುಣಸೂರು ರೋಡ್ ಹಿಡಿಯೋದು. ಕುಶಾಲನಗರಕ್ಕೆ ಎಂತಕ್ಕೆ ಬರ್ತಾನೆ ನಿನ್ನ ಹತ್ತಿಸ್ಲಿಕ್ಕೆ?

ಕಕ್ಕಡ ಮಳೆ
ಹೋಗ್ತೀನಿ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಹೆಂಡ್ತಿಗೆ ನಿನ್ನೆ ಎಲ್ಲ ಹೇಳಿದೆ, ಆ ಲೆಕ್ಕದ ಹಾಳೆನೂ ತೋರಿಸ್ದೆ. ಬೈತಾಳೆ ಅಂದ್ಕೊಂಡಿದ್ದೆ, ಹಾಳೆ ಇಸ್ಕೊಂಡು ಕನ್ನಡಕ ಹಾಕ್ಕೊಂಡು ಕೂತು ಪೆನ್ನಲ್ಲಿ ಇನ್ನೊಂದು ಸಾಲು ಸೇರಿಸಿದ್ಳು, ಆ ಆರು ದಿನ ತೋಟದಲ್ಲಿ ನಾನಿಲ್ಲ ಅಂತ ಆಳುಗಳು ಮೂರು ಗಂಟೆಗೇ ಹೋಗಿದಾರಂತೆ, ಅದರ ಕೂಲಿ. ಅದರ ಮೊತ್ತ ಇಲ್ಲಿ ಹಾಕಲ್ಲ. ಡರ್ಬಿಗೆ ಅವಳೂ ಬರ್ತಾಳೆ, ಪರ್ಸ್ ಅವಳ ಹತ್ರ, ನನ್ನ ಫೋನು ಮನೇಲಿ.

ಹಳೇ ಪಂಟರ್
ಬಾ ತಮ್ಮಾ, ಇಬ್ರೂ ಬನ್ನಿ. ಹಿಂದಿನ ದಿನವೇ ಬಂದ್ರೆ ನಮ್ಮನೇಲಿ ಇರಿ. ಬೆಳಿಗ್ಗೆ ಕುದುರೆ ಪ್ರಾಕ್ಟೀಸ್ ಮಾಡೋ ಹೊತ್ತಿನಲ್ಲಿ ಆ ಕಡೆ ರೋಡಲ್ಲಿ ವಾಕಿಂಗ್ ಹೋಗೋಣ, ಮಂಜಲ್ಲಿ ಬರೀ ಉಸಿರಾಟದ ಸದ್ದು ಮೊದಲು ಬರ್ತದೆ, ಆಮೇಲೆ ಕುದುರೆ ಕಾಣ್ತದೆ. ನಾನೀಗ ಹೋಗೋದು ಮುಕ್ಕಾಲು ಅದಕ್ಕೇ. ಉಳಿದ ಕಾಲು ಭಾಗ ಎಂತ ಅಂತ ಅಕ್ಕ ಕೇಳ್ಬಾರ್ದು.

ಪತ್ತಾಕ್
ಕೇಳಲ್ಲ ಬಿಡಿ. ಕೈ ಮೀರಿ ಹೋಗ್ತಾ ಉಂಟು ಅಂತ ಯಾರಿಗಾದ್ರೂ ಅನ್ನಿಸಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸ್ಲಿಕ್ಕೇ ಬೇರೆ ವಿಭಾಗ ಉಂಟು. ನಮ್ಮಪ್ಪನ ಕಾಲದಲ್ಲಿ ನಮಗೆ ಯಾರೂ ಹೇಳ್ಲಿಲ್ಲ.

ಸಂಪಾಜೆ ತಾಳಮದ್ದಳೆ
ಡರ್ಬಿ ಆದ ಮೇಲೆ ಬಂದು ಹೇಳು ಮಾರಾಯ, ದಮಯಂತಿ ಎಷ್ಟು ಗೆದ್ಳು ಅಂತ.

ಕಕ್ಕಡ ಮಳೆ
ಖಂಡಿತ. ಹಾಂ, ಇನ್ನೊಂದು, ಅರೇಬಿಕಾ ಹಣ್ಣಾಗ್ತಾ ಬಂತು, ಪಲ್ಪರ್ ಮೋಟರ್ ಇನ್ನೂ ಹಾಗೇ ಕೂತಿದೆ. 6205 ಬೇರಿಂಗ್ ಮೈಸೂರಲ್ಲಿ ಎಲ್ಲಿ ಸಿಗ್ತದೆ, ಯಾರಿಗಾದ್ರೂ ಗೊತ್ತಾ?

ಗೊಬ್ಬರ ಅಂಗಡಿ
6205ಆ? ಗೋಣಿಕೊಪ್ಪದಲ್ಲಿ ನನ್ನ ಅಂಗಡಿ ಎದುರಿಗೇ ಸಿಗ್ತದಲ್ಲ.

ಮೂರ್ನಾಡು ಮಿರ್ಚಿ
😂😂😂😂